ಕಟ್ಟಕ್ಕೊಂದು ತಾರೀಕು

ನವೆಂಬರ್ ಕೊನೆ ಬಂತೆಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು. ಈ ಸಲ ಕಟ್ಟ ಯಾವಾಗ? ಹಾಲಿನ ಸೊಸೈಟಿಯ ಜಗಲಿಯಲ್ಲಿ ಇದೇ ಮಾತು. ದೇವಸ್ಥಾನದಲ್ಲಿ ಪೂಜೆ ಮುಗಿದು ಊಟಕ್ಕೆ ಕಾಯುವಾಗ ಇದೇ ಮಾತು. ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಪೇಟೆಯಲ್ಲಿ ಬಸ್ಸಿಗೆ ನಿಂತರೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಕಟ್ಟ ಬೇಡ ಎಂದವರನ್ನು ನಾನು ಇದುವರೆಗೆ ಕಂಡಿಲ್ಲ. ಆದರೂ ಎಷ್ಟೋ ತೋಡುಗಳಲ್ಲಿ, ಅಂದರೆ ಸಣ್ಣ ಹಳ್ಳಗಳಲ್ಲಿ, ಕಟ್ಟ ಏಳುವುದೇ ಇಲ್ಲ. ಎಲ್ಲರೂ ಬೇಕು ಎನ್ನುವ ಕೆಲಸವೇ ಯಾಕೆ ಆಗದೆ ಉಳಿಯುತ್ತದೆ ಅಂತ ನಾನು ತುಂಬ ಯೋಚಿಸಿದ್ದೇನೆ. ನಮ್ಮ ತೋಡಿನ ಕಟ್ಟದ ಜವಾಬ್ದಾರಿ ಮಾವನವರ ನಂತರ ನನ್ನ ಕೈಗೆ ಬಂದದ್ದರಿಂದ ಯೋಚಿಸದೆ ಗತಿ ಇರಲಿಲ್ಲ.

ಘಟ್ಟದ ಮೇಲಿನವರಿಗೆ, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನಮ್ಮದೇ ಮಕ್ಕಳಿಗೆ ಕಟ್ಟ ಎಂದರೆ ಏನೆಂದು ಹೇಳಬೇಕಾದೀತು. ಮಳೆಗಾಲ ಕಳೆದ ಮೇಲೆ ತೋಡಿಗೆ ಅಡ್ಡವಾಗಿ ಕಟ್ಟುವ ತಾತ್ಕಾಲಿಕ ಒಡ್ಡು ಅದು. ಹಿಂದೆ ಕಾಡುಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಸಲಾಕೆ ಹಾಕಿ ಕಟ್ಟುತ್ತಿದ್ದರು. ಈಗ ಹೆಚ್ಚಾಗಿ ಮರಳು ತುಂಬಿದ ಗೊಬ್ಬರದ ಚೀಲ, ಮೇಲಿಂದ ಪ್ಲಾಸ್ಟಿಕ್ ಶೀಟು. ಕುಂಬಡಾಜೆ ಪಂಚಾಯತಿನ ಏತಡ್ಕದಲ್ಲಿ ಒಂದರ ಕೆಳಗೆ ಒಂದರಂತೆ ಸಾಲಾಗಿ ಕಟ್ಟ ಹಾಕುವ ಪದ್ಧತಿ ಹಿಂದಿನಿಂದಲೂ ಇದೆ. ನಮ್ಮ ಪಕ್ಕದ ಎಣ್ಮಕಜೆಯ ಪತ್ರಕರ್ತ ಶ್ರೀ ಪಡ್ರೆಯವರು ಇಂಥ ಕಟ್ಟಗಳ ಬಗ್ಗೆ ವರ್ಷಗಟ್ಟಲೆ ಬರೆದು ಹೊರಗಿನವರಿಗೂ ತಿಳಿಸಿದ್ದಾರೆ.

ನಮಗೆ ನೀರಿನ ಬರ ಯಾಕೆ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಕೇರಳದ 44 ನದಿಗಳಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಇವೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಆದರೆ ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಗುಡ್ಡೆ ಇಳಿಜಾರು, ಕೆಳಗೆ ಮುರಕಲ್ಲು, ಸಮುದ್ರ ಹತ್ತಿರ. ಬಿದ್ದ ನೀರು ಬೇಗ ಓಡಿಹೋಗುತ್ತದೆ. ಅಡಿಕೆ ಮರಕ್ಕೆ ಬುಡಕ್ಕೆ ನೀರು ಬಿಡುವುದಾದರೆ ಒಂದು ಸಲಕ್ಕೆ 175 ಲೀಟರ್ ಲೆಕ್ಕ. ಮಾರ್ಚ್ ನಂತರ ಮೂರರಿಂದ ಐದು ದಿನಕ್ಕೊಮ್ಮೆ ಕೊಡಬೇಕು. ಹನಿ ನೀರಾವರಿ ಮಾಡಿದರೂ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕೇ ಬೇಕು. ತೋಟದಲ್ಲಿ ಎಷ್ಟು ಮರ ಇದೆ ಎಂದು ಗುಣಿಸಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ.

ಈಗ ತಾರೀಕಿನ ವಿಷಯಕ್ಕೆ ಬರುತ್ತೇನೆ. ಕಟ್ಟ ಬೇಗ ಹಾಕಿದರೆ ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಉಳಿದ ಮಳೆ ಒಂದು ಸಂಜೆ ಗುಡುಗಿ ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ತಡ ಮಾಡಿದರೆ ಕಟ್ಟ ಗಟ್ಟಿಯಾಗಿಯೇ ಇರುತ್ತದೆ, ನಿಲ್ಲಿಸಲು ನೀರೇ ಇರುವುದಿಲ್ಲ. ನಡುವೆ ಸಿಗುವುದು ನಾಲ್ಕೈದು ವಾರ. ಆ ನಾಲ್ಕೈದು ವಾರದಲ್ಲಿ ಮದುವೆ, ಷಷ್ಠಿ, ಕೋಲ, ಕೊಯ್ಲು ಎಲ್ಲವೂ ಉಂಟು. ಹಾಗಾಗಿ ಒಂದು ಭಾನುವಾರ ಒಬ್ಬರಿಗೆ ಆಗುವುದಿಲ್ಲ, ಇನ್ನೊಂದು ಭಾನುವಾರ ಇನ್ನೊಬ್ಬರಿಗೆ. 'ಇನ್ನೊಂದು ಮಳೆ ಉಂಟೋ ಏನೋ' ಎಂದು ಯಾರೋ ಆಕಾಶ ನೋಡುತ್ತಾರೆ. ಅವರು ಹೇಳುವುದೂ ಸರಿಯೇ. ಎಲ್ಲರೂ ಸರಿಯಾದ ಮಾತೇ ಆಡುತ್ತಿರುವಾಗ ಮಕರ ಸಂಕ್ರಮಣ ದಾಟಿಹೋಗಿರುತ್ತದೆ.

ನಮ್ಮ ತೋಡಿನಲ್ಲಿ ಈಗ ಚರ್ಚೆ ಇಲ್ಲ. ಚಂಪಾಷಷ್ಠಿ ಕಳೆದು ಬರುವ ಮೊದಲ ಭಾನುವಾರ ಕಟ್ಟ. ಹಿಂದಿನ ಎರಡು ದಿನ ಜೋರು ಮಳೆ ಬಂದಿದ್ದರೆ ಮುಂದಿನ ಭಾನುವಾರ. ಏನೇ ಆದರೂ ತಿಂಗಳು ಕಳೆದು ಬರುವ ಕಿರುಷಷ್ಠಿ ದಾಟಬಾರದು. ಇಷ್ಟೇ. ಪಂಚಾಂಗ ನೋಡಿದರೆ ಯಾರಿಗೂ ಗೊತ್ತಾಗುತ್ತದೆ, ನನ್ನನ್ನು ಕೇಳಬೇಕಾಗಿಯೇ ಇಲ್ಲ. ಮದುವೆ ಇಟ್ಟುಕೊಳ್ಳುವವರು ಆ ಭಾನುವಾರ ಬಿಟ್ಟು ಇಟ್ಟುಕೊಳ್ಳುತ್ತಾರೆ. ಈ ಒಂದು ಸಾಲನ್ನು ನಾವು ಬೇಸಿಗೆಯಲ್ಲಿ ತೀರ್ಮಾನ ಮಾಡಿದ್ದು, ಕಟ್ಟದ ಗಡಿಬಿಡಿ ಯಾರ ತಲೆಯಲ್ಲೂ ಇಲ್ಲದಾಗ. ಅದು ಬಹಳ ಮುಖ್ಯ ಅಂತ ನನಗೆ ಅನಿಸುತ್ತದೆ. ಕೆಲಸ ಎದುರಿಗೆ ಬಂದು ನಿಂತಾಗ ಮನುಷ್ಯ ಅನುಕೂಲ ನೋಡುತ್ತಾನೆ. ಕೆಲಸ ದೂರ ಇರುವಾಗ ನ್ಯಾಯ ನೋಡುತ್ತಾನೆ.

ಇದಕ್ಕಿಂತ ಒಳ್ಳೆಯ ದಿನ ಇಲ್ಲವೇ ಎಂದು ಒಬ್ಬರು ಕೇಳಿದ್ದರು. ಇರಬಹುದು. ಕೆಲವು ವರ್ಷ ಒಂದು ವಾರ ಮೊದಲು ಕಟ್ಟಿದ್ದರೆ ಇನ್ನಷ್ಟು ನೀರು ಸಿಗುತ್ತಿತ್ತು. ಆದರೆ ಅತ್ಯುತ್ತಮ ದಿನ ಹುಡುಕುತ್ತಾ ಕೂತ ತೋಡುಗಳಲ್ಲಿ ಮಾರ್ಚಿನಲ್ಲಿ ಬರೀ ಕಲ್ಲು ಕಾಣುತ್ತದೆ. ಸುಮಾರಾದ ದಿನದಲ್ಲಿ ಕಟ್ಟಿದ ನಮ್ಮದರಲ್ಲಿ ನೀರಿರುತ್ತದೆ. ಅಷ್ಟು ಸಾಕಲ್ವಾ?

ನಾನು ಒಂದು ಭೇದ ಇಟ್ಟುಕೊಂಡಿದ್ದೇನೆ. ಮುಂದಿನ ವರ್ಷ ಬದಲಿಸಬಹುದಾದ ಕೆಲಸಕ್ಕೆ ಜಾಸ್ತಿ ಯೋಚನೆ ಕೊಡುವುದಿಲ್ಲ. ಕಟ್ಟ ಅಂಥದ್ದು. ಸ್ಥಳ ಸರಿ ಬರಲಿಲ್ಲವೋ, ಮೇ ತಿಂಗಳಲ್ಲಿ ಹೇಗೂ ತೆಗೆಯುವುದೇ, ಮುಂದಿನ ಸಲ ಹತ್ತು ಮಾರು ಮೇಲೆ ಹಾಕಿದರಾಯಿತು. ಆದರೆ ತಿರುಗಿ ಬಾರದ ಕೆಲಸಗಳಿವೆ. ಮರ ಕಡಿಯುವುದು, ಜಾಗ ಕೊಡುವುದು, ಬೋರ್‌ವೆಲ್ ಕೊರೆಯುವುದು. ಅವುಗಳಿಗೆ ಎಷ್ಟು ಹೊತ್ತು ತೆಗೆದುಕೊಂಡರೂ ತಪ್ಪಿಲ್ಲ. ನಮ್ಮವರು ಮಾಡುವುದು ಬಹುತೇಕ ಉಲ್ಟಾ. ಕಟ್ಟಕ್ಕೆ ಎರಡು ತಿಂಗಳು ಮಾತಾಡುತ್ತಾರೆ. ಬೋರ್‌ವೆಲ್ಲನ್ನು ಏಪ್ರಿಲಿನ ಒಂದು ಸೆಕೆಯ ರಾತ್ರಿ ತೀರ್ಮಾನ ಮಾಡುತ್ತಾರೆ. ಮರುದಿನ ಸಂಜೆ ತಮಿಳುನಾಡಿನ ತಿರುಚೆಂಗೋಡಿನ ಲಾರಿ ಅಂಗಳದಲ್ಲಿ. ರಾತ್ರಿಯಿಡೀ ಕೊರೆತ. ಬೆಳಗಾಗುವಾಗ ಅಂಗಳ ತುಂಬಾ ಬೂದಿ ಬಣ್ಣದ ಹುಡಿ, ಕೈಯಲ್ಲಿ ಸಾಲದ ಕಾಗದ. ನೀರು ಸಿಕ್ಕಿದರೆ ಪುಣ್ಯ. ಸಿಗದಿದ್ದರೆ ಆ ತೂತನ್ನು ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ.

ನಮ್ಮ ಮನೆಯಲ್ಲೂ ಬೋರ್‌ವೆಲ್ಲಿನ ಮಾತು ಬಂದಿತ್ತು. ನನ್ನ ಗಂಡನಿಗೆ ಬೇಕು ಎಂದೇ ಇತ್ತು, ನನಗೆ ಮನಸ್ಸಿರಲಿಲ್ಲ. ದಿನಾ ಊಟದ ಹೊತ್ತಿಗೆ ಅದೇ ವಾದ ಮಾಡುವುದರ ಬದಲು ಬಾವಿಯ ಒಳಗೋಡೆಯಲ್ಲಿ ಬಿಳಿ ಪೈಂಟಿನ ಒಂದು ಗೆರೆ ಎಳೆದೆವು. ಏಪ್ರಿಲ್ ಮಧ್ಯದ ಬಿಸು ಹಬ್ಬದ ದಿನ ಬೆಳಿಗ್ಗೆ ನೀರು ಆ ಗೆರೆಯಿಂದ ಕೆಳಗಿದ್ದರೆ ಬೋರ್‌ವೆಲ್ಲಿನ ಮಾತು ಮತ್ತೆ ಎತ್ತುವುದು, ಮೇಲಿದ್ದರೆ ಆ ವರ್ಷ ಯಾರೂ ಎತ್ತಬಾರದು. ದೇವರ ಮುಂದೆ ಇಟ್ಟ ಕಣಿ ನೋಡಿ ಕೈಮುಗಿದು ನೇರ ಬಾವಿಕಟ್ಟೆಗೆ ಹೋಗಿ ಇಬ್ಬರೂ ಬಗ್ಗಿ ನೋಡುವುದು ಈಗ ನಮ್ಮ ಹಬ್ಬದ ಭಾಗವೇ ಆಗಿದೆ. ಇಷ್ಟರವರೆಗೆ ಗೆರೆಯ ಮೇಲೆಯೇ ಇದೆ. ಕೆಳಗೆ ಹೋದ ವರ್ಷ ನಾನೇ ಮಾತು ಎತ್ತುತ್ತೇನೆ. ಹಾಗಂತ ಒಪ್ಪಿಯೇ ಗೆರೆ ಎಳೆದದ್ದು.

ತಾರೀಕು ಇದ್ದರೆ ಸಾಕೇ? ಇಲ್ಲ. ಜನ ಬೇಕು. ನಮ್ಮ ತೋಡಿಗೆ ಏಳು ಮನೆಯವರ ತೋಟ ತಾಗುತ್ತದೆ. ವಾಟ್ಸಾಪ್ ಗ್ರೂಪ್ ಉಂಟು, ಅದರಲ್ಲಿ ನಾನು ತಾರೀಕು ಹಾಕುತ್ತೇನೆ. ಹೆಬ್ಬೆರಳಿನ ಚಿತ್ರ ಬರುತ್ತದೆ. ಆ ಹೆಬ್ಬೆರಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗುರುವಾರ ಸಂಜೆ ಒಂದೊಂದು ಮನೆಗೂ ಫೋನ್ ಮಾಡುತ್ತೇನೆ. 'ಬರ್ತೀರಲ್ಲ' ಎಂದು ಕೇಳಿದರೆ 'ಬರುವ' ಎಂದೇ ಉತ್ತರ ಬರುವುದು. ಹಾಗಾಗಿ ಹಾಗೆ ಕೇಳುವುದಿಲ್ಲ. 'ನಿಮ್ಮ ಹಾರೆ, ಎರಡು ಬುಟ್ಟಿ ತರ್ತೀರಾ?' ಎಂದು ಕೇಳುತ್ತೇನೆ. ಇನ್ನೊಬ್ಬರಿಗೆ ಚೀಲ ಹೊಲಿಯುವ ದಬ್ಬಣ, ಹಗ್ಗ. ಮೇಲಿನ ಮನೆಗೆ ಹತ್ತು ಗಂಟೆಯ ಚಾ, ಅವಲಕ್ಕಿ. ಕೈಯಲ್ಲಿ ವಸ್ತು ಇರುವವನು ಬಂದೇ ಬರುತ್ತಾನೆ. ತಾನು ಹೋಗದಿದ್ದರೆ ದಬ್ಬಣ ಇಲ್ಲದೆ ಕೆಲಸ ನಿಲ್ಲುತ್ತದೆ ಎಂದು ಅವನಿಗೆ ಗೊತ್ತು.

ಎಲ್ಲಕ್ಕಿಂತ ಕೆಳಗಿನ ತೋಟದವರಿಗೆ ಮೊದಲಿಂದಲೂ ಒಂದು ಸಂಕಟ ಇತ್ತು. ನೀವು ಮೇಲೆ ಕಟ್ಟಿದರೆ ನಮಗೆ ನೀರು ಬರುವುದು ನಿಲ್ಲುತ್ತದೆ ಎಂದು. ಕಟ್ಟ ತುಂಬುವವರೆಗೆ ಅದು ನಿಜವೇ. ಅದಕ್ಕೆ ಸಮಾಧಾನದ ಮಾತು ಹೇಳಿ ಪ್ರಯೋಜನ ಇಲ್ಲ. ಕಟ್ಟದ ಅಡಿಯಲ್ಲಿ ನಾಲ್ಕು ಇಂಚಿನ ಪಿವಿಸಿ ಪೈಪು ಒಂದನ್ನು ಹೂತು ಇಟ್ಟೆವು, ಅದರ ಬಾಯಿಯ ಮುಚ್ಚಳ ಇರುವುದು ಕೆಳಗಿನ ಮನೆಯವರ ಕೈಯಲ್ಲೇ. ಕಟ್ಟ ತುಂಬಿ ಮೇಲಿಂದ ಹರಿಯಲು ಶುರುವಾದ ಮೇಲೆ ಅವರೇ ಬಂದು ಮುಚ್ಚುತ್ತಾರೆ. ಈಗ ಕಟ್ಟದ ದಿನ ಎಲ್ಲರಿಗಿಂತ ಮೊದಲು ತೋಡಿಗೆ ಇಳಿಯುವವರು ಅವರೇ.

ಆ ದಿನದ ಕೆಲಸವನ್ನು ಸ್ವಲ್ಪ ಹೇಳಬೇಕು, ಹೇಳಲು ಖುಷಿಯೂ ಆಗುತ್ತದೆ. ಬೆಳಿಗ್ಗೆ ಏಳಕ್ಕೆ ನೀರು ತಣ್ಣಗೆ ಕೊರೆಯುತ್ತಿರುತ್ತದೆ, ಮೊಣಕಾಲಿನ ಮಟ್ಟ. ಮೊದಲು ಅಡಿಯ ಸೊಪ್ಪು, ಕಸ, ಸಡಿಲ ಕಲ್ಲು ಎಲ್ಲ ತೆಗೆದು ಗಟ್ಟಿ ನೆಲ ಸಿಗುವವರೆಗೆ ಕೆರೆಯಬೇಕು. ಇದರಲ್ಲಿ ಅವಸರ ಮಾಡಿದರೆ ಕಟ್ಟ ನೋಡಲು ಚೆಂದ, ನೀರೆಲ್ಲ ಅಡಿಯಿಂದ ಹೋಗುತ್ತದೆ. ಚೀಲಕ್ಕೆ ಮರಳನ್ನು ಬಾಯಿವರೆಗೆ ತುಂಬಬಾರದು, ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ. ಆಗ ಚೀಲ ಮಲಗುತ್ತದೆ, ಪಕ್ಕದ ಚೀಲಕ್ಕೆ ಒತ್ತಿಕೊಳ್ಳುತ್ತದೆ. ಗಟ್ಟಿ ತುಂಬಿದ ಚೀಲ ಉರುಟಾಗಿ ನಿಂತು ಸಂದಿ ಬಿಡುತ್ತದೆ. ಒಂದು ಸಾಲಿನ ಸಂದಿಯ ಮೇಲೆ ಮೇಲಿನ ಸಾಲಿನ ಚೀಲದ ಹೊಟ್ಟೆ ಬರಬೇಕು. ಬಾಯಿಯ ಕಡೆ ಒಳಗೆ ಮಡಚಿರಬೇಕು. ಬುಡ ಅಗಲ, ತಲೆ ಸಪೂರ. ನೀರಿನ ಕಡೆಯಿಂದ ಶೀಟು ಹೊದೆಸಿ ಅದರ ಕಾಲಿಗೆ ಜೇಡಿಮಣ್ಣು ಮೆಟ್ಟಬೇಕು. ಮಕ್ಕಳಿಗೆ ಈ ಮೆಟ್ಟುವ ಕೆಲಸ ಎಂದರೆ ಪ್ರಾಣ.

ಕಟ್ಟ ಸೋರುವುದು ನಡುವಿನಲ್ಲಿ ಅಲ್ಲ, ಎರಡು ಬದಿಯಲ್ಲಿ, ದರೆಗೆ ತಾಗುವಲ್ಲಿ. ಅಲ್ಲಿ ಏಡಿಯ ಮಾಟೆ ಇರುತ್ತದೆ. ಮೇಲಿಂದ ನೋಡಿದರೆ ಎರಡು ಬೆರಳು ಹೋಗುವಷ್ಟು ತೂತು. ಒಳಗೆ ಅದು ಎಲ್ಲಿಗೆ ಹೋಗಿ ಎಲ್ಲಿ ತೆರೆಯುತ್ತದೆ ಎಂದು ಏಡಿಗೇ ಗೊತ್ತು. ನಮ್ಮಲ್ಲಿ ಒಬ್ಬರು ಹಿರಿಯರಿದ್ದಾರೆ, ದರೆಯ ಮೇಲೆ ಕೈಯಿಟ್ಟು ನಡೆಯುತ್ತಾ ತಣ್ಣಗಾದ ಜಾಗ ಹುಡುಕುತ್ತಾರೆ. ಸಿಕ್ಕಿದ ಕೂಡಲೇ ಅಲ್ಲಿ ಹಾರೆ ಹಾಕಿ ಮಾಟೆಯನ್ನು ಪೂರ್ತಿ ಬಿಡಿಸಿ ಜೇಡಿ ತುಂಬಿಸುತ್ತಾರೆ. ಮೇಲಿಂದ ಮಣ್ಣು ಮೆತ್ತಿದರೆ ಅವರಿಗೆ ಸಿಟ್ಟು ಬರುತ್ತದೆ. ಸಿಟ್ಟು ಬರಬೇಕಾದದ್ದೇ.

ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಯುತ್ತದೆ. ಎಲ್ಲರೂ ಫೋಟೋ ತೆಗೆಯುತ್ತಾರೆ. ಕಟ್ಟುವುದಕ್ಕೆ ಒಂದು ದಿನ ಸಾಕಾದರೂ ಕಾಯುವುದಕ್ಕೆ ಐದು ತಿಂಗಳು ಬೇಕು. ಡಿಸೆಂಬರಿನ ಹುರುಪು ಫೆಬ್ರವರಿಯಲ್ಲಿ ಯಾರಿಗೂ ಇರುವುದಿಲ್ಲ. ಆಗ ಅಡಿಕೆ ಕೊಯ್ಲು, ಸುಲಿತ, ಮಕ್ಕಳ ಪರೀಕ್ಷೆ. ಒಂದು ಚೀಲ ಜಾರಿದರೆ ಮರುದಿನ ಎರಡು ಜಾರುತ್ತದೆ. ಒಂದು ವಾರ ಯಾರೂ ನೋಡದಿದ್ದರೆ ಶಿವರಾತ್ರಿಗೆ ತೋಡು ಖಾಲಿ. ಏಳು ಮನೆ ಇರುವುದು ನಮ್ಮ ಅದೃಷ್ಟ, ವಾರದಲ್ಲಿ ಒಂದೊಂದು ದಿನ ಒಂದೊಂದು ಮನೆಗೆ. ಪಂಪ್‌ಶೆಡ್ಡಿನ ಮೊಳೆಯಲ್ಲಿ ಒಂದು ನೋಟ್‌ಪುಸ್ತಕ ನೇತು ಹಾಕಿದ್ದೇವೆ. ನೋಡಿ ಬಂದವರು ತಾರೀಕು ಹಾಕಿ ಒಂದು ಸಾಲು ಬರೆಯಬೇಕು. 'ಎಡಬದಿ ಸ್ವಲ್ಪ ಒಸರು, ಮಣ್ಣು ಹಾಕಿದೆ.' 'ಏನೂ ಇಲ್ಲ.' 'ಮೀನು ಹಿಡಿಯುವ ಮಕ್ಕಳು ಶೀಟು ಎಳೆದಿದ್ದಾರೆ, ಹೇಳಿ ಬಂದೆ.' ಒಬ್ಬರು ಮಲಯಾಳದಲ್ಲಿ ಬರೆಯುತ್ತಾರೆ, ಅವರ ಮನೆಮಾತು ಅದು. ಇನ್ನೊಬ್ಬ ಅಜ್ಜಿಗೆ ಬರೆಯಲು ಬಾರದು, ಅವರು ಒಂದು ಗೆರೆ ಹಾಕುತ್ತಾರೆ. ಅವರ ವಾರದ ಗೆರೆ ಇಷ್ಟು ವರ್ಷಗಳಲ್ಲಿ ತಪ್ಪಿದ್ದು ನಾನು ಕಂಡಿಲ್ಲ.

ಮೊದಲೇ ದಿನ ಗೊತ್ತು ಮಾಡುವ ಈ ಕ್ರಮವನ್ನೇ ನಾನು ಮನೆಯ ಉಳಿದ ಕೆಲಸಗಳಿಗೂ ತಂದುಕೊಂಡೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವುದನ್ನೇ ನೋಡಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಕಳೆದು ಇನ್ನೊಂದು ಸಲ. ಮೊದಲನೆಯದ್ದನ್ನು ಯಾರೂ ಮರೆಯುವುದಿಲ್ಲ. ತಪ್ಪುವುದು ಎರಡನೆಯದ್ದು, ಯಾಕೆಂದರೆ ಆಗ ಮಳೆ ಬಿಡುವುದಿಲ್ಲ, ಮದ್ದು ಬಿಡುವವರು ಸಿಗುವುದಿಲ್ಲ. ಹಾಗಾಗಿ ಮೊದಲ ಮದ್ದು ಮುಗಿಸಿ ಅವರು ಅಂಗಳದಲ್ಲಿ ಕೈಕಾಲು ತೊಳೆಯುತ್ತಿರುವಾಗಲೇ ಎರಡನೆಯದ್ದಕ್ಕೆ ದಿನ ಹೇಳಿಸಿಕೊಳ್ಳುತ್ತೇನೆ, ಮುಂಗಡವೂ ಕೊಡುತ್ತೇನೆ. ತುತ್ತು, ಸುಣ್ಣ ಎರಡು ಸಲಕ್ಕೂ ಒಟ್ಟಿಗೇ ತಂದಿಡುವುದು. ಜುಲೈಯಲ್ಲಿ ಸಾಮಾನು ಮನೆಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಬಿಸಿಲು ಬಂದ ಎರಡು ಗಂಟೆಯಲ್ಲಿ ಕಲಸಿಕೊಳ್ಳಬಹುದು. ಕಲಸಿದ್ದನ್ನು ಆ ದಿನವೇ ಮುಗಿಸಬೇಕಲ್ವಾ, ನಾಳೆಗೆ ಇಡುವಂತಿಲ್ಲ.

ಅಡಿಕೆ ಮಾರುವುದರಲ್ಲೂ ಹಾಗೆ. 40–45 ದಿನ ಬಿಸಿಲಿಗೆ ಹಾಕಿ ಚಾಲಿ ಮಾಡಿ, ಸುಲಿಸಿ, ಗೋಣಿಯಲ್ಲಿ ತುಂಬಿಸಿಟ್ಟ ಮೇಲೆ ಧಾರಣೆ ನೋಡುವುದೇ ಕೆಲವರಿಗೆ ಕೆಲಸ. ಏರಿದರೆ ಇನ್ನೂ ಏರಲಿ ಎಂದು, ಇಳಿದರೆ ಮತ್ತೆ ಏರಲಿ ಎಂದು. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದೇ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದ ಕಾರಣಕ್ಕೆ, ಹಿರಿಯರಿಗೆ ಅದು ನೆನಪಿದೆ. ನಾವು ಮೂರು ಪಾಲು ಮಾಡುತ್ತೇವೆ. ಒಂದು ಪಾಲು ಶಾಲೆ ಶುರುವಾಗುವ ಮೊದಲು, ಒಂದು ಚೌತಿಗೆ, ಒಂದು ದೀಪಾವಳಿಗೆ. ಆ ದಿನ ಏನು ಧಾರಣೆಯೋ ಅದು. ಎಲ್ಲವನ್ನೂ ಒಳ್ಳೆಯ ಧಾರಣೆಗೆ ಕೊಟ್ಟವರೂ ಇದ್ದಾರೆ, ಅವರ ಬಗ್ಗೆ ನನಗೆ ಸಂತೋಷವೇ. ನನಗೆ ರಾತ್ರಿ ನಿದ್ದೆ ಬರುತ್ತದೆ.

ಇಷ್ಟೆಲ್ಲ ಬರೆಯಲು ಕಾರಣ ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಕೆಲಸ, ಊರಿಗೆ ಬಂದು ತೋಟ ನೋಡಿಕೊಳ್ಳುವ ಆಸೆ. ಎರಡು ವರ್ಷದಿಂದ ಯೋಚಿಸುತ್ತಿದ್ದಾನೆ. ಫೋನ್ ಮಾಡಿದಾಗಲೆಲ್ಲ 'ಚಿಕ್ಕಮ್ಮಾ, ಬರುವುದೋ ಬೇಡವೋ?' ಎನ್ನುತ್ತಾನೆ. ಹೀಗೆ ಕೇಳಿದರೆ ನಾನು ಏನು ಹೇಳಲಿ? ಕೆಲಸ ಬಿಟ್ಟರೆ ಅದೇ ಕೆಲಸ ಮತ್ತೆ ಸಿಕ್ಕೀತು ಎನ್ನುವ ಧೈರ್ಯ ಇಲ್ಲ. ಅದು ಬೋರ್‌ವೆಲ್ಲಿನ ಜಾತಿಯ ತೀರ್ಮಾನ, ಅವಸರ ಬೇಡ. ಆದರೆ ಅದರೊಳಗೆ ಕಟ್ಟದ ಜಾತಿಯ ಒಂದು ತೀರ್ಮಾನವೂ ಇದೆ. ಅವನಿಗೆ ಮನೆಯಿಂದಲೇ ಕೆಲಸ ಮಾಡುವ ಅವಕಾಶ ಉಂಟು, ಕಂಪನಿಯಲ್ಲಿ ಕೇಳಿದರೆ ಕೊಡುತ್ತಾರಂತೆ. ಷಷ್ಠಿಗೆ ಬರಲಿ, ಮೇ ಕೊನೆಯ ಪತ್ತನಾಜೆಯವರೆಗೆ ಇರಲಿ. ಒಂದು ಬೇಸಿಗೆ ಪೂರ್ತಿ. ಮಾರ್ಚಿನಲ್ಲಿ ಕರೆಂಟು ಕೈಕೊಟ್ಟಾಗ ರಾತ್ರಿ ಎದ್ದು ಪಂಪು ಹಾಕಲಿ. ಕೆಲಸದವರು ಬಾರದ ದಿನ ಅಡಿಕೆ ಹೆಕ್ಕಲಿ. ಭಾನುವಾರ ಸಂಜೆ ಮಾತಾಡಲು ಓರಗೆಯವರು ಯಾರೂ ಇಲ್ಲದ ಊರು ಹೇಗಿರುತ್ತದೆ ಎಂದೂ ನೋಡಲಿ. ಅದೂ ಸಣ್ಣ ವಿಷಯ ಅಲ್ಲ, ನಾವು ದೊಡ್ಡವರು ಅದನ್ನು ಹೇಳುವುದೇ ಇಲ್ಲ. ಆಮೇಲೆ ಯೋಚಿಸಲು ಅವನ ಹತ್ತಿರ ಏನಾದರೂ ಇರುತ್ತದೆ. ಈಗ ಇರುವುದು ಬರೀ ಆಸೆ ಮತ್ತು ಹೆದರಿಕೆ.

ಅವನು ಒಪ್ಪಿದ. ಒಪ್ಪಿದ ಎನ್ನುವುದನ್ನೂ ನಾನು ಹೆಬ್ಬೆರಳಿನ ಚಿತ್ರದ ಹಾಗೆಯೇ ನೋಡಿದೆ. 'ಟಿಕೆಟು ಮಾಡಿ ಕಳಿಸು, ಮೇಲಿನ ಕೋಣೆ ಗುಡಿಸಿಡುತ್ತೇನೆ' ಎಂದೆ. ಮರುದಿನ ರಾತ್ರಿ ಕಾಸರಗೋಡಿನ ಬಸ್ಸಿನ ಟಿಕೆಟಿನ ಚಿತ್ರ ಬಂತು. ಬುಧವಾರ ಅವನ ಪಾಳಿ ಎಂದು ನೋಟ್‌ಪುಸ್ತಕದಲ್ಲಿ ನಮ್ಮ ಮನೆಯ ಹೆಸರಿನ ಎದುರು ಬರೆದಿದ್ದೇನೆ.

ಪತ್ತನಾಜೆ ಎಂದೆನಲ್ಲ, ಅದೂ ಕಟ್ಟದ್ದೇ ಕೆಲಸ. ಮೇ 24ರ ಹೊತ್ತಿಗೆ ಬರುವ ದಿನ ಅದು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ಆ ವಾರ ಕಟ್ಟವನ್ನೂ ಬಿಚ್ಚಬೇಕು. ಮೊದಲ ಮಳೆಗೆ ತಾನೇ ಹೋಗುತ್ತದೆ ಬಿಡಿ ಎನ್ನುವವರು ಜಾಸ್ತಿ. ಹೋಗುತ್ತದೆ, ಹೌದು. ಹೋಗುವಾಗ ದರೆಯನ್ನೂ ಕಿತ್ತುಕೊಂಡು ಹೋಗುತ್ತದೆ, ಬಿಸಿಲಿಗೆ ಹುಡಿಯಾದ ಪ್ಲಾಸ್ಟಿಕ್ ಚೀಲವೆಲ್ಲ ಹೊಳೆಗೆ, ಅಲ್ಲಿಂದ ಸಮುದ್ರಕ್ಕೆ. ಇದು ನನಗೆ ತುಂಬ ನೋವು ಕೊಡುವ ವಿಷಯ. ನೀರು ಕೊಟ್ಟ ತೋಡಿಗೆ ಕಸ ಕೊಡುವುದು ಸರಿಯಲ್ಲ. ಕಟ್ಟಲು ಬಂದ ಏಳು ಮನೆಯವರೂ ಬಿಚ್ಚಲು ಬರಬೇಕು ಎಂದು ಮೊದಲೇ ಮಾತಾಗಿದೆ. ಕಟ್ಟದ ಹಿಂದೆ ನಿಂತ ಹೂಳನ್ನು ಬುಟ್ಟಿಯಲ್ಲಿ ಹೊತ್ತು ಬಾಳೆ ಬುಡಕ್ಕೆ ಹಾಕುತ್ತೇವೆ. ಮರಳು ಒಂದು ಮೂಲೆಯಲ್ಲಿ ರಾಶಿ, ಮುಂದಿನ ವರ್ಷಕ್ಕೆ. ಚೀಲ ಗುಜರಿಗೆ.

ಈ ವರ್ಷದ ತಯಾರಿ ಬಹುತೇಕ ಆಗಿದೆ. ಗೊಬ್ಬರದ ಚೀಲಗಳನ್ನು ತೊಳೆದು ಕಟ್ಟು ಮಾಡಿ ಅಟ್ಟದಲ್ಲಿಟ್ಟಾಗಿದೆ. ಮರಳಿನ ರಾಶಿ ಮಳೆಗೆ ಸ್ವಲ್ಪ ಇಳಿದಿದೆ, ಆದರೂ ಸಾಕಾದೀತು. ಹಾರೆ, ಬುಟ್ಟಿ, ದಬ್ಬಣ ಯಾರ್ಯಾರು ತರುವುದು ಎಂದು ಬರೆದಿಟ್ಟಿದ್ದೇನೆ, ಗುರುವಾರ ಫೋನ್ ಮಾಡುವುದಷ್ಟೇ. ಶೀಟು ಮಾತ್ರ ಹಳೆಯದ್ದು ಎರಡು ಕಡೆ ಹರಿದಿದೆ, ತೇಪೆ ಹಾಕಿದರೆ ನಿಲ್ಲುವಂಥದ್ದಲ್ಲ. ಒಂದೊಂದು ಮನೆಯ ಪಾಲು ಎಷ್ಟು ಎಂದು ಲೆಕ್ಕ ಹಾಕಿ ಗ್ರೂಪಿನಲ್ಲಿ ತಿಳಿಸಿದ್ದೇನೆ. ಐದು ಮನೆಯವರು ಕೊಟ್ಟಾಯಿತು. ಉಳಿದ ಎರಡು ಮನೆಗೆ ಇವತ್ತು ಸಂಜೆ ಹಾಲು ಕೊಟ್ಟು ಬರುವಾಗ ಹೋಗಿ ಬರುತ್ತೇನೆ. ನಾಳೆ ಬದಿಯಡ್ಕಕ್ಕೆ ಹೋಗಿ ಶೀಟು ತರುವುದು.